ಟ್ಯಾಂಗ್‌ಮಿಯರ್‌ನ ಜನರನ್ನು ಹುಡುಕಿಕೊಂಡು

ಟ್ಯಾಂಗ್‌ಮಿಯರ್ ಅಂದರೆ ಇಂಗ್ಲೆಂಡಿನವರಿಗೆ ಮೊದಲು ನೆನಪಾಗುವುದು ವಿಮಾನ. 1940ರ ಬೇಸಿಗೆ, ಜರ್ಮನಿಯ ವಾಯುದಾಳಿಯನ್ನು ಎದುರಿಸಿದ ಬ್ಯಾಟಲ್ ಆಫ್ ಬ್ರಿಟನ್, ಹರಿಕೇನ್, ಸ್ಪಿಟ್‌ಫೈರ್ ಯುದ್ಧವಿಮಾನಗಳು. ಆದರೆ ಅದು ಮೊದಲಿಗೆ ಒಂದು ಊರು. ವೆಸ್ಟ್ ಸಸೆಕ್ಸ್‌ನಲ್ಲಿ, ಚಿಚೆಸ್ಟರ್‌ನಿಂದ ಪೂರ್ವಕ್ಕೆ ಸುಮಾರು 5 ಕಿಲೋಮೀಟರ್ ದೂರ. ಉತ್ತರಕ್ಕೆ ಸೌತ್ ಡೌನ್ಸ್ ಗುಡ್ಡಗಳು, ದಕ್ಷಿಣಕ್ಕೆ ಸಮುದ್ರ, ನಡುವೆ ಸಮತಟ್ಟಾದ ಹೊಲಗಳು. 12ನೇ ಶತಮಾನದ ಒಂದು ಪುಟ್ಟ ಚರ್ಚು. ವಾಯುನೆಲೆಯ ಕಥೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಊರಿನ ಕಥೆ ಬರೆದವರು ಕಡಿಮೆ. ಕೆಲಸದ ಮೇಲೆ ಚಿಚೆಸ್ಟರ್‌ಗೆ ಬಂದು ಇಲ್ಲೇ ನೆಲೆಸಿದ ನಾನು, ಆ ಊರಿನ ಜನರ ಯುದ್ಧಕಾಲದ ನೆನಪುಗಳನ್ನು ಕೂಡಿಹಾಕಲು ಹೊರಟೆ. ಅದನ್ನು ಹೇಗೆ ಮಾಡಿದೆ ಎನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಯಾವ ಊರಿನ ಬಗ್ಗೆ ಇಂಥ ಕೆಲಸಕ್ಕೆ ಕೈ ಹಾಕುವವರಿಗೂ ಇದರಲ್ಲಿ ಕೆಲವು ದಾರಿಗಳು ಸಿಗಬಹುದು.

ಈ ಊರಿನಲ್ಲಿ ಒಂದು ದೊಡ್ಡ ತೊಡಕು ಇತ್ತು. ಊರಿನ ಜನ ಊರಿನಲ್ಲಿ ಇರಲಿಲ್ಲ.

ಕಥೆ ಶುರುವಾಗುವುದು 1916ರಲ್ಲಿ. ಒಬ್ಬ ಪೈಲಟ್ ತುರ್ತಾಗಿ ಇಲ್ಲಿನ ಹೊಲದಲ್ಲಿ ವಿಮಾನ ಇಳಿಸಿದ. ಜಾಗ ಚೆನ್ನಾಗಿದೆ ಎಂದು ಮೇಲಿನವರಿಗೆ ತಿಳಿಸಿದ. ಮರುವರ್ಷ ಸರ್ಕಾರ ವಾಯುನೆಲೆಗೆಂದು ಜಮೀನು ತೆಗೆದುಕೊಂಡಿತು. 1939ರಲ್ಲಿ ದಕ್ಷಿಣ ಕರಾವಳಿಯ ರಕ್ಷಣೆಗೆಂದು ನೆಲೆಯನ್ನು ದೊಡ್ಡದು ಮಾಡಿದರು. ಊರಿಗಿದ್ದ ಒಂದೇ ಒಂದು ಹೋಟೆಲನ್ನೂ ಕೆಲವು ಮನೆಗಳನ್ನೂ ಕೆಡವಿದರು. ಊರಿನ ನಡುವಿನ ಹೆಚ್ಚಿನ ಮನೆಗಳನ್ನು ವಾಯುಪಡೆ ವಶಕ್ಕೆ ತೆಗೆದುಕೊಂಡಿತು. ಉಳಿಯಲು ಬಿಟ್ಟದ್ದು ಆರರಿಂದ ಎಂಟು ಕುಟುಂಬಗಳನ್ನು ಮಾತ್ರ. ಯುದ್ಧ 1945ರಲ್ಲಿ ಮುಗಿಯಿತು. ಆದರೆ ಟ್ಯಾಂಗ್‌ಮಿಯರ್ ಮತ್ತೆ ಸಾಮಾನ್ಯ ಜನರ ಊರಾದದ್ದು 1966ರಲ್ಲಿ. ಅಷ್ಟು ಹೊತ್ತಿಗೆ ಮನೆ ಬಿಟ್ಟುಹೋದ ಮಕ್ಕಳು ದೊಡ್ಡವರಾಗಿ, ಮದುವೆಯಾಗಿ, ಬೇರೆ ಊರುಗಳಲ್ಲಿ ಬೇರು ಬಿಟ್ಟಿದ್ದರು. ಈಗ ಟ್ಯಾಂಗ್‌ಮಿಯರ್‌ನಲ್ಲಿ ಬಾಗಿಲು ತಟ್ಟಿದರೆ ಸಿಗುವವರಲ್ಲಿ ಹೆಚ್ಚಿನವರು ಆಮೇಲೆ ಬಂದವರೇ.

ಹಾಗಾಗಿ ನಾನು ಜನರಿಂದ ಶುರು ಮಾಡಲಿಲ್ಲ. ಕಾಗದದಿಂದ ಶುರು ಮಾಡಿದೆ.

ಮೊದಲು ಕೈಗೆ ಎತ್ತಿಕೊಂಡದ್ದು 1939ರ ರಿಜಿಸ್ಟರ್. ಯುದ್ಧ ಘೋಷಣೆಯಾದ ಕೆಲವೇ ವಾರಗಳಲ್ಲಿ, ಸೆಪ್ಟೆಂಬರ್ 29ರಂದು, ಗುರುತಿನ ಚೀಟಿ ಕೊಡಲು ಇಡೀ ದೇಶದಲ್ಲಿ ಮನೆಮನೆಯ ಲೆಕ್ಕ ಬರೆದರು. ಆಮೇಲೆ ರೇಷನ್ ಪುಸ್ತಕಕ್ಕೂ ಅದೇ ಆಧಾರವಾಯಿತು. ಹೆಸರು, ಹುಟ್ಟಿದ ದಿನ, ಮದುವೆಯಾಗಿದೆಯೋ ಇಲ್ಲವೋ, ಏನು ಕೆಲಸ, ಎಲ್ಲ ಇದೆ. ಈಗ ಅದು ಇಂಟರ್ನೆಟ್‌ನಲ್ಲಿ ಸಿಗುತ್ತದೆ. ಹುಟ್ಟಿ 100 ವರ್ಷ ತುಂಬದವರ ಸಾಲುಗಳನ್ನು ಮಾತ್ರ ಸಾಮಾನ್ಯವಾಗಿ ಮುಚ್ಚಿರುತ್ತಾರೆ. ಸೇನಾ ನೆಲೆಗಳ ಒಳಗಿದ್ದ ಸೈನಿಕರನ್ನು ಅದರಲ್ಲಿ ಬರೆದಿಲ್ಲ. ಬೇರೆ ಊರುಗಳಲ್ಲಿ ಇದು ಕೊರತೆ ಅನಿಸಬಹುದು. ನನಗೆ ಇದೇ ವರವಾಯಿತು. ವಾಯುಪಡೆಯವರನ್ನು ಬೇರ್ಪಡಿಸುವ ಕೆಲಸವೇ ಇಲ್ಲ, ಊರಿನವರೇ ಕಾಣುತ್ತಾರೆ.

ಹೊಲದಲ್ಲಿ ದುಡಿಯುವವರು, ತೋಟದವರು, ಅಂಗಡಿಯವರು ಸಾಲಾಗಿ ಸಿಗುತ್ತಾರೆ. ಹೆಂಗಸರ ಎದುರು ಹೆಚ್ಚು ಕಡೆ ಒಂದೇ ಮಾತು: ಸಂಬಳವಿಲ್ಲದ ಮನೆಗೆಲಸ. ಈ ಸಾಲನ್ನು ನಂಬಿ ಮುಂದೆ ಹೋಗಬಾರದು ಎಂದು ಆಮೇಲೆ ಜನರ ಮಾತು ಕೇಳುವಾಗ ಗೊತ್ತಾಯಿತು. ಆ ಅಮ್ಮಂದಿರು ಪೈಲಟ್‌ಗಳ ಅಂಗಿ ಒಗೆದು ಇಸ್ತ್ರಿ ಮಾಡಿಕೊಟ್ಟಿದ್ದರು. ಕ್ಯಾಂಟೀನ್‌ನಲ್ಲಿ ಚಹಾ ಕಾಸಿದ್ದರು. ಗಂಡ ಸೇನೆಗೆ ಹೋದ ಮೇಲೆ ಕೋಳಿ, ಹಂದಿ, ತರಕಾರಿ ತೋಟ ಎಲ್ಲ ನೋಡಿಕೊಂಡಿದ್ದರು. ಕಾಗದದಲ್ಲಿ ಒಂದು ಸಾಲು, ಬದುಕಿನಲ್ಲಿ ಮೂರು ಕೆಲಸ.

ಇನ್ನೊಂದು ಸಂಗತಿ. 1940ರಿಂದ 1944ರವರೆಗೆ ಬ್ರಿಟನ್ನಿನಲ್ಲಿ ಮತದಾರರ ಪಟ್ಟಿಯನ್ನೇ ಮಾಡಲಿಲ್ಲ. ಸಾಮಾನ್ಯವಾಗಿ ಯಾರು ಯಾವ ಮನೆಯಲ್ಲಿದ್ದರು ಎಂದು ವರ್ಷ ವರ್ಷ ಹಿಂಬಾಲಿಸಲು ಆ ಪಟ್ಟಿಯೇ ಆಸರೆ. ಯುದ್ಧಕಾಲದಲ್ಲಿ ಅದೇ ಇಲ್ಲ. ಹಾಗಾಗಿ ಚರ್ಚಿನ ಪುಸ್ತಕಗಳ ಮೊರೆ ಹೋಗಬೇಕು. ನಾಮಕರಣ, ಮದುವೆ, ಸಮಾಧಿ, ಮೂರನ್ನೂ. ಚಿಚೆಸ್ಟರ್‌ನಲ್ಲಿರುವ ವೆಸ್ಟ್ ಸಸೆಕ್ಸ್ ರೆಕಾರ್ಡ್ ಆಫೀಸ್‌ಗೆ ಹೋಗುವುದು ನನಗೆ ರಜಾದಿನದ ರೂಢಿಯೇ ಆಯಿತು. ಪೆನ್ಸಿಲ್ ಮಾತ್ರ ಒಳಗೆ ಒಯ್ಯಬಹುದು, ಪೆನ್ನು ಬೇಡ. ಟ್ಯಾಂಗ್‌ಮಿಯರ್‌ನ ಪುಸ್ತಕಗಳ ಜೊತೆ ಪಕ್ಕದ ಓವಿಂಗ್, ಬಾಕ್ಸ್‌ಗ್ರೋವ್, ಆಲ್ಡಿಂಗ್‌ಬೋರ್ನ್ ಊರುಗಳ ಪುಸ್ತಕಗಳನ್ನೂ ನೋಡಿದೆ. ಮನೆ ಬಿಟ್ಟವರು ಬಹಳ ದೂರ ಹೋಗಿರಲಾರರು ಎನ್ನುವುದು ನನ್ನ ಊಹೆ. ಹೊಲದ ಕೆಲಸ ಇದ್ದವರು ಹೊಲದ ಹತ್ತಿರವೇ ಇರಬೇಕು ಅಲ್ವಾ? 1939ರ ರಿಜಿಸ್ಟರ್‌ನಲ್ಲಿ ಕಂಡ ಮನೆತನದ ಹೆಸರುಗಳು ಎರಡು ಮೂರು ವರ್ಷ ಬಿಟ್ಟು ಪಕ್ಕದೂರಿನ ಮದುವೆ ಪುಸ್ತಕದಲ್ಲಿ ಸಿಗತೊಡಗಿದವು.

ಹೊಲಗಳಿಗೆ ಇನ್ನೊಂದು ದಾಖಲೆ ಇದೆ. 1941ರಿಂದ 1943ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಜಮೀನುಗಳನ್ನು ಸರ್ಕಾರ ಒಂದೊಂದಾಗಿ ಸಮೀಕ್ಷೆ ಮಾಡಿತು. ಅದು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಎಂಎಎಫ್ 32 ಎಂಬ ಕಡತಸಾಲಿನಲ್ಲಿದೆ. ಎಷ್ಟು ಎಕರೆ, ಯಾವ ಬೆಳೆ, ಎಷ್ಟು ಕುದುರೆ, ಟ್ರ್ಯಾಕ್ಟರ್ ಇದೆಯೇ, ನೀರು ಎಲ್ಲಿಂದ, ಕರೆಂಟು ಇದೆಯೇ, ಎಲ್ಲ ಬರೆದಿದ್ದಾರೆ. ಜೊತೆಗೆ ರೈತನಿಗೆ ಎ, ಬಿ, ಸಿ ಎಂದು ದರ್ಜೆ ಕೊಟ್ಟಿದ್ದಾರೆ. ಬಿ ಅಥವಾ ಸಿ ಬಂದರೆ ಕಾರಣವನ್ನೂ ಬರೆಯುತ್ತಿದ್ದರು. ಸೋಮಾರಿತನ, ವಯಸ್ಸು, ಹಣದ ಕೊರತೆ, ಹೀಗೆ. ಒಂದು ದಿನ ಬಂದು ನೋಡಿಹೋದ ಅಧಿಕಾರಿಯ ಮಾತು ಅದು. ಆ ರೈತರ ಮೊಮ್ಮಕ್ಕಳು ಈಗಲೂ ಸುತ್ತಮುತ್ತ ಇದ್ದಾರೆ. ಹಾಗಾಗಿ ಹೊಲದ ವಿವರವನ್ನು ಎಲ್ಲರಿಗೂ ತೋರಿಸಿದೆ, ದರ್ಜೆಯನ್ನು ಮಾತ್ರ ಆ ಮನೆಯವರು ಕೇಳಿದರೆ ಅವರಿಗೆ ಮಾತ್ರ ತೋರಿಸಿದೆ. ಈ ವಿಷಯದಲ್ಲಿ ನಾನು ಗಟ್ಟಿಯಾಗಿ ನಿಂತಿದ್ದೇನೆ.

ನಕ್ಷೆ ಬಹಳ ಉಪಯೋಗಕ್ಕೆ ಬಂತು. ಬ್ರಿಟನ್ನಿನ ನಕ್ಷೆ ಮಾಡುವ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಹಳೆಯ ದೊಡ್ಡ ಅಳತೆಯ ನಕ್ಷೆಗಳನ್ನು ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್ ತನ್ನ ವೆಬ್‌ಸೈಟಿನಲ್ಲಿ ಉಚಿತವಾಗಿ ಇಟ್ಟಿದೆ. ಇಂಗ್ಲೆಂಡಿನ ಊರುಗಳೂ ಅದರಲ್ಲಿವೆ. ಯುದ್ಧಕ್ಕೆ ಮುಂಚಿನ ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ರಿಜಿಸ್ಟರ್‌ನ ಹೆಸರುಗಳನ್ನು ಒಂದೊಂದೇ ಮನೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದೆ. ಆಗ ಮಾತ್ರ ಆ ಊರು ನನ್ನ ಕಣ್ಣಿಗೆ ಕಂಡಿತು. ಈಗ ನೆಲೆಯ ಜಾಗದಲ್ಲಿ ದೊಡ್ಡ ದೊಡ್ಡ ಗಾಜಿನ ಮನೆಗಳಿವೆ, ಒಳಗೆ ದೊಣ್ಣೆಮೆಣಸಿನಕಾಯಿ ಬೆಳೆಯುತ್ತಾರೆ. ಹೊಸ ಬಡಾವಣೆಗಳಿವೆ. ನಕ್ಷೆ ಇಲ್ಲದೆ ಹಳೆಯ ಬೀದಿ ಎಲ್ಲಿತ್ತು ಎಂದು ಹೇಳುವುದು ಕಷ್ಟ.

ಇಷ್ಟಾದ ಮೇಲೆ ಜನರನ್ನು ಹುಡುಕಿದೆ. ಚರ್ಚುಗಳ ಕಾಫಿ ಕೂಟಗಳು, ವಿಲೇಜ್ ಹಾಲ್‌ಗಳು, ವೃದ್ಧಾಶ್ರಮಗಳು. ನಕ್ಷೆಯನ್ನು ಮೇಜಿನ ಮೇಲೆ ಹರಡಿ ಸುಮ್ನೆ ಕೂರುತ್ತಿದ್ದೆ. ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಯಾರೋ ಬಂದು ಬೆರಳು ಇಡುತ್ತಿದ್ದರು. ಇದು ನಮ್ಮ ಅತ್ತೆಯ ಮನೆ, ಇಲ್ಲಿ ಸೇಬಿನ ಮರ ಇತ್ತು, ಇಲ್ಲಿ ಹಾಲು ತರೋಕೆ ಹೋಗ್ತಿದ್ದೆ. ಅಲ್ಲಿಂದ ಮಾತು ಶುರು.

ಆಗಲೇ ಅವರೆಲ್ಲ 80 ದಾಟಿದವರು. ಹೆಸರು ಹಿಡಿದೇ ಕರೆಯಬೇಕು ಎಂದು ಅವರೇ ಹೇಳಿದರು, ಇಲ್ಲಿನ ರೂಢಿ ಅದು. ಹಾಗೇ ಕರೆದೆ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಮಾತ್ರ ಎಲ್ಲರೂ ಅಜ್ಜ, ಅಜ್ಜಿ ಎಂದೇ ಇದ್ದಾರೆ.

ಕೇಳುವ ಪ್ರಶ್ನೆಯ ಬಗ್ಗೆ ಸ್ವಲ್ಪ ಹೇಳಬೇಕು. ಟ್ಯಾಂಗ್‌ಮಿಯರ್‌ನಲ್ಲಿ ಬೆಳೆದವರು ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಡಗ್ಲಸ್ ಬೇಡರ್‌ನನ್ನು ನೋಡಿದ್ರಾ? ಎರಡೂ ಕಾಲು ಕಳೆದುಕೊಂಡು ಕೃತಕ ಕಾಲಿನಲ್ಲಿ ಯುದ್ಧವಿಮಾನ ಹಾರಿಸಿದ ಆ ಪೈಲಟ್ 1941ರಲ್ಲಿ ಟ್ಯಾಂಗ್‌ಮಿಯರ್ ವಿಮಾನದಳಗಳ ನಾಯಕನಾಗಿದ್ದ. ಆ ಪ್ರಶ್ನೆ ಹಾಕಿದರೆ ಬರುವ ಉತ್ತರ ಅವರು ನೋಡಿದ್ದಲ್ಲ, ಆಮೇಲೆ ಓದಿದ್ದು, ಟಿವಿಯಲ್ಲಿ ಕಂಡದ್ದು. ಎಷ್ಟೋ ಸಲ ಹೇಳಿ ಹೇಳಿ ನುಣುಪಾದ ಮಾತು ಅದು. ನಾನು ಬೇರೆ ಕಡೆಯಿಂದ ಬಂದೆ. ನಿಮ್ಮ ಅಡುಗೆಮನೆ ಬಾಗಿಲು ಯಾವ ಕಡೆಗಿತ್ತು? ನೀರು ಎಲ್ಲಿಂದ ತರ್ತಿದ್ರಿ? ರಾತ್ರಿ ಬೆಳಕು ಹೊರಗೆ ಕಾಣದಂತೆ ಬ್ಲ್ಯಾಕೌಟ್ ಪರದೆ ಹಾಕುವ ಕೆಲಸ ಯಾರದು? ಸಕ್ಕರೆಯನ್ನು ಮನೆಯಲ್ಲಿ ಹೇಗೆ ಹಂಚುತ್ತಿದ್ದರು?

ಸಕ್ಕರೆಯ ಪ್ರಶ್ನೆ ಎಂದೂ ಸೋತಿಲ್ಲ. ರೇಷನ್‌ನಲ್ಲಿ ಒಬ್ಬರಿಗೆ ವಾರಕ್ಕೆ 8 ಔನ್ಸ್ ಸಕ್ಕರೆ, ಅಂದರೆ ಸುಮಾರು 225 ಗ್ರಾಂ. ಚಹಾಪುಡಿ 2 ಔನ್ಸ್. ಒಂದು ಮನೆಯಲ್ಲಿ ಪ್ರತಿಯೊಬ್ಬರಿಗೂ ಹೆಸರು ಬರೆದ ಜಾಮ್ ಬಾಟಲಿ ಇತ್ತಂತೆ, ಅವರವರ ವಾರದ ಸಕ್ಕರೆ ಅವರವರ ಬಾಟಲಿಯಲ್ಲಿ. ಮಿಠಾಯಿಗೆ 1942ರ ಜುಲೈನಲ್ಲಿ ಬಂದ ರೇಷನ್ 1953ರ ಫೆಬ್ರವರಿಯವರೆಗೂ ಹೋಗಲಿಲ್ಲ. ಯುದ್ಧ ಶುರುವಾದಾಗ 5 ವರ್ಷದವರಾಗಿದ್ದವರಿಗೆ ಆ ರೇಷನ್ ಮುಗಿಯುವಾಗ 18 ದಾಟಿತ್ತು. ಈ ಮಾತು ಬಂದಾಗ ಅವರ ಮುಖ ನೋಡಬೇಕು.

ಇನ್ನೊಂದು ಒಳ್ಳೆಯ ಪ್ರಶ್ನೆ ಚರ್ಚಿನ ಗಂಟೆ. 1940ರ ಜೂನ್‌ನಲ್ಲಿ ದೇಶದ ಎಲ್ಲ ಚರ್ಚುಗಳ ಗಂಟೆ ನಿಲ್ಲಿಸಿದರು. ಜರ್ಮನ್ನರು ಇಳಿದರೆ ಎಚ್ಚರಿಸಲು ಮಾತ್ರ ಬಾರಿಸಬೇಕು ಎಂದು ಆಜ್ಞೆ. 1942ರ ನವೆಂಬರ್‌ನಲ್ಲಿ ಈಜಿಪ್ಟಿನ ಎಲ್ ಅಲಮೇನ್ ಯುದ್ಧದ ಗೆಲುವಿಗೆಂದು ಒಂದು ಭಾನುವಾರ ಬಾರಿಸಿದರು. ಅಲ್ಲಿಯವರೆಗೆ ಗಂಟೆ ಕೇಳಿಸಿದರೆ ಹೆದರಬೇಕು ಎಂದೇ ಚಿಕ್ಕ ಮಕ್ಕಳಿಗೆ ಗೊತ್ತಿದ್ದದ್ದು.

ಈಗ ದಿನಾಂಕದ ವಿಷಯಕ್ಕೆ ಬರುತ್ತೇನೆ. ಈ ಕೆಲಸದಲ್ಲಿ ನನ್ನನ್ನು ಅತಿ ಹೆಚ್ಚು ಹಿಡಿದಿಟ್ಟದ್ದು ಇದು.

ಟ್ಯಾಂಗ್‌ಮಿಯರ್ ಮೇಲೆ ದೊಡ್ಡ ದಾಳಿ ನಡೆದದ್ದು 1940ರ ಆಗಸ್ಟ್ 16ರಂದು, ಮಧ್ಯಾಹ್ನ 1 ಗಂಟೆಯ ಸುಮಾರಿಗೆ. ಜರ್ಮನಿಯ ಸ್ಟೂಕಾ ವಿಮಾನಗಳು ನೇರವಾಗಿ ಕೆಳಗೆ ಎರಗಿ ಬಾಂಬ್ ಹಾಕಿದವು. ವಿಮಾನ ಇಡುವ ಹ್ಯಾಂಗರ್‌ಗಳು, ಕಟ್ಟಡಗಳು, ನಿಂತಿದ್ದ ವಿಮಾನಗಳು ಹಾಳಾದವು. ಸೈನಿಕರ ಜೊತೆ ಸಾಮಾನ್ಯ ಜನರೂ ಸತ್ತರು. 601ನೇ ಸ್ಕ್ವಾಡ್ರನ್ ಎಂಬ ವಿಮಾನದಳದ ಅಮೆರಿಕನ್ ಪೈಲಟ್ ಬಿಲ್ಲಿ ಫಿಸ್ಕ್ ಏಟು ತಿಂದ ಹರಿಕೇನನ್ನು ಆ ದಾಳಿಯ ನಡುವೆಯೇ ನೆಲಕ್ಕೆ ತಂದ. ಮೈ ಸುಟ್ಟಿತ್ತು. ಮರುದಿನ ಚಿಚೆಸ್ಟರ್ ಆಸ್ಪತ್ರೆಯಲ್ಲಿ ತೀರಿಕೊಂಡ. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಎರಡು ಸಲ ಬಾಬ್‌ಸ್ಲೆಡ್ ಎಂಬ ಮಂಜಿನ ಜಾರುಬಂಡಿ ಸ್ಪರ್ಧೆಯಲ್ಲಿ ಚಿನ್ನ ಗೆದ್ದವನು. ಬಾಕ್ಸ್‌ಗ್ರೋವ್‌ನಲ್ಲಿ ಅವನ ಸಮಾಧಿ ಇದೆ.

ಆ ದಾಳಿಯ ಬಗ್ಗೆ ಒಬ್ಬ ಅಜ್ಜಿ ಬಹಳ ಸ್ಪಷ್ಟವಾಗಿ ಹೇಳಿದರು. ಅದು ಭಾನುವಾರ. ನಾವು ಊಟಕ್ಕೆ ಕೂತಿದ್ದೆವು. ಭಾನುವಾರದ ಬಟ್ಟೆ ಹಾಕಿದ್ದೆ, ಅದಕ್ಕೇ ಬಾಂಬಿನಿಂದ ತಪ್ಪಿಸಿಕೊಳ್ಳಲು ತೋಡಿದ್ದ ಗುಂಡಿಯೊಳಗೆ ಇಳಿಯಲು ಅಮ್ಮ ಬಿಡಲಿಲ್ಲ, ಮೇಜಿನ ಕೆಳಗೆ ತಳ್ಳಿದರು. ಆದರೆ 1940ರ ಆಗಸ್ಟ್ 16 ಶುಕ್ರವಾರ. ಇಂಥ ಕಡೆ ನೆನಪು ತಪ್ಪು ಎಂದು ಬರೆದು ಮುಂದೆ ಹೋಗುವವರಿದ್ದಾರೆ. ನನಗೆ ಮನಸ್ಸಾಗಲಿಲ್ಲ. ಬಟ್ಟೆ, ಮೇಜು, ಅಮ್ಮನ ಕೈ, ಎಲ್ಲ ಅಷ್ಟು ಗಟ್ಟಿಯಾಗಿ ನೆನಪಿರುವಾಗ ಭಾನುವಾರ ಮಾತ್ರ ಎಲ್ಲಿಂದ ಬಂತು?

ಎರಡು ದಿನ ಮುಂದೆ ಹೋಗಿ ನೋಡಿದೆ. ಆಗಸ್ಟ್ 18 ಭಾನುವಾರ. ಅವತ್ತು ಮಧ್ಯಾಹ್ನ ಸ್ಟೂಕಾಗಳು ಮತ್ತೆ ಬಂದಿದ್ದವು. ಈ ಸಲ ಟ್ಯಾಂಗ್‌ಮಿಯರ್ ಮೇಲೆ ಅಲ್ಲ. ಪೂರ್ವಕ್ಕೆ ಫೋರ್ಡ್ ವಾಯುನೆಲೆ ಮತ್ತು ಪೋಲಿಂಗ್ ಎಂಬ ಊರಿನ ರೇಡಾರ್ ಕೇಂದ್ರ, ಪಶ್ಚಿಮಕ್ಕೆ ಥಾರ್ನಿ ಐಲೆಂಡ್ ಮತ್ತು ಗಾಸ್ಪೋರ್ಟ್ ನೆಲೆಗಳು. ಟ್ಯಾಂಗ್‌ಮಿಯರ್‌ನ 43 ಮತ್ತು 601ನೇ ಸ್ಕ್ವಾಡ್ರನ್‌ಗಳು ಅವುಗಳ ಮೇಲೆ ಬಿದ್ದವು. ಇಡೀ ಆಕಾಶದಲ್ಲಿ ಕಾದಾಟ. ಎರಡು ದಿನದ ಹಿಂದೆ ಬಾಂಬ್ ಬಿದ್ದ ಊರಿನ ಸುತ್ತ ಇದ್ದವರಿಗೆ ಆ ಭಾನುವಾರ ಹೇಗಿದ್ದಿರಬೇಕು! ಅಜ್ಜಿ ಹೇಳಿದ್ದು ಆ ದಿನವನ್ನು. ಶುಕ್ರವಾರದ ಹೊಗೆಯೂ ಭಾನುವಾರದ ಊಟವೂ ಅವರ ಮನಸ್ಸಿನಲ್ಲಿ ಒಂದಾಗಿದ್ದವು. ಮುಂದಿನ ಸಲ ಹೋದಾಗ ಎರಡೂ ದಿನದ ವಿವರ ಅವರ ಮುಂದಿಟ್ಟೆ. ಸ್ವಲ್ಪ ಹೊತ್ತು ಯೋಚಿಸಿ, ಹಾಗಾದರೆ ಶುಕ್ರವಾರ ನಾನು ಮನೆಯಲ್ಲೇ ಇರಲಿಲ್ಲ, ಓವಿಂಗ್‌ನಲ್ಲಿ ಅಜ್ಜಿಯ ಮನೆಯಲ್ಲಿದ್ದೆ, ಅಲ್ಲಿಂದ ಹೊಗೆ ನೋಡಿದೆ ಎಂದರು. ಅದನ್ನು ಅಲ್ಲಿಯವರೆಗೆ ಅವರು ಯಾರಿಗೂ ಹೇಳಿರಲಿಲ್ಲ.

ಅಂದಿನಿಂದ ನನ್ನ ಪದ್ಧತಿ ಇದು. ಹೇಳಿದವರ ಮಾತನ್ನು ತಿದ್ದುವುದಿಲ್ಲ. ಹಾಗೇ ಬರೆದು, ಪಕ್ಕದಲ್ಲಿ ದಾಖಲೆಯ ದಿನಾಂಕ ಹಾಕುತ್ತೇನೆ. ಎರಡೂ ಹೊಂದದೇ ಇದ್ದರೆ ಇನ್ನೊಂದು ದಿನ ಹುಡುಕುತ್ತೇನೆ. ನೆಲೆಯ ಕಡೆಯ ದಿನಾಂಕಗಳಿಗೆ ವಾಯುಪಡೆಯ ಕಾರ್ಯಾಚರಣೆ ದಿನಚರಿಗಳಿವೆ. ಕ್ಯೂನ ಅದೇ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಎಐಆರ್ 27 ಎಂಬ ಕಡತಸಾಲಿನಲ್ಲಿ ಸ್ಕ್ವಾಡ್ರನ್‌ಗಳದ್ದು, ಎಐಆರ್ 28ರಲ್ಲಿ ನೆಲೆಗಳದ್ದು. ಯಾವ ವಿಮಾನ ಎಷ್ಟು ಗಂಟೆಗೆ ಹಾರಿತು, ಎಷ್ಟು ಗಂಟೆಗೆ ಇಳಿಯಿತು ಎಂಬುದೂ ಸಿಗುತ್ತದೆ. ಸತ್ತವರಿಗೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿ. ಅದರಲ್ಲಿ ಬಾಂಬಿಗೆ ಬಲಿಯಾದ ಸಾಮಾನ್ಯ ಜನರ ಪಟ್ಟಿಯೂ ಬೇರೆ ಇದೆ, ಸ್ಥಳೀಯ ಆಡಳಿತದ ಪ್ರಕಾರ ಹಂಚಿದ್ದಾರೆ. ಹಳ್ಳಿಯ ಹೆಸರು ಹಾಕಿ ಹುಡುಕಿದರೆ ಸಿಗದೇ ಹೋಗಬಹುದು, ಗ್ರಾಮಾಂತರ ಜಿಲ್ಲೆಯ ಹೆಸರು ಹಾಕಿ ಹುಡುಕಬೇಕು.

ಟ್ಯಾಂಗ್‌ಮಿಯರ್‌ನ ಸೇಂಟ್ ಆಂಡ್ರ್ಯೂಸ್ ಚರ್ಚಿನ ಅಂಗಳದ ಸಮಾಧಿಗಳಲ್ಲಿ ಬ್ರಿಟಿಷ್ ಕಡೆಯ ವಾಯುಸೈನಿಕರೂ ಜರ್ಮನ್ನರೂ ಇದ್ದಾರೆ. 43ನೇ ಸ್ಕ್ವಾಡ್ರನ್ನಿನ ನಾಯಕ ಸೀಸರ್ ಹಲ್ ಅಲ್ಲೇ ಇದ್ದಾನೆ, 1940ರ ಸೆಪ್ಟೆಂಬರ್ 7ರಂದು ಸತ್ತವನು. ಎರಡೂ ಕಡೆಯವರ ಕಲ್ಲುಗಳ ಮುಂದೆ ಹೂ ಇಡುವ ರೂಢಿ ಹಿರಿಯರಲ್ಲಿ ಕಂಡೆ.

ಇನ್ನು ನಮ್ಮ ಕಡೆಯ ನಂಟು. ಟ್ಯಾಂಗ್‌ಮಿಯರ್‌ನಿಂದ ಸ್ವಲ್ಪ ದೂರದಲ್ಲಿ ವೆಸ್ಟ್‌ಹ್ಯಾಂಪ್‌ನೆಟ್ ಎಂಬ ಊರಿದೆ. ಟ್ಯಾಂಗ್‌ಮಿಯರ್‌ನ ಉಪನೆಲೆ ಅಲ್ಲಿತ್ತು. ಈಗ ಅದು ಗುಡ್‌ವುಡ್ ಕಾರ್ ರೇಸಿನ ಜಾಗ, ನೆಲೆಯ ಸುತ್ತಿನ ರಸ್ತೆಯೇ 1948ರಲ್ಲಿ ರೇಸ್ ಟ್ರ್ಯಾಕ್ ಆಯಿತು. ಬೇಡರ್ 1941ರ ಆಗಸ್ಟ್ 9ರಂದು ಕೊನೆಯ ಸಲ ಹಾರಿ ಫ್ರಾನ್ಸಿನಲ್ಲಿ ಸೆರೆಸಿಕ್ಕದ್ದು ಅಲ್ಲಿಂದಲೇ. ಅದೇ ತಿಂಗಳ ಕೊನೆಗೆ ಅಲ್ಲಿಗೆ ಬಂದ ಸ್ಪಿಟ್‌ಫೈರ್ ದಳದ ಹೆಸರು 129ನೇ ಮೈಸೂರು ಸ್ಕ್ವಾಡ್ರನ್. ಮೈಸೂರು ಸಂಸ್ಥಾನ ಕೊಟ್ಟ ಹಣದ ನೆನಪಿಗೆ ಆ ಹೆಸರು. ಅದರ ಲಾಂಛನ ನಮ್ಮ ಗಂಡಭೇರುಂಡ. ಕೆಎಸ್‌ಆರ್‌ಟಿಸಿ ಬಸ್ಸಿನ ಮೇಲೆ ನೋಡುತ್ತಾ ಬೆಳೆದ ಎರಡು ತಲೆಯ ಆ ಹಕ್ಕಿಯನ್ನು ಬ್ರಿಟಿಷ್ ರಾಜನ ಕಿರೀಟದ ಕೆಳಗೆ, ಸಸೆಕ್ಸ್‌ನ ಹಳ್ಳಿಯ ಇತಿಹಾಸದಲ್ಲಿ ಕಂಡಾಗ ನನಗೆ ಮೈ ಜುಂ ಎಂದಿತು. ಆ ಹಣ ನಮ್ಮ ರೈತರ ಕಂದಾಯದಿಂದಲೂ ಬಂದದ್ದು ಎನ್ನುವುದೂ ಮನಸ್ಸಿನಿಂದ ಹೋಗಲಿಲ್ಲ. ದಳದ ದಿನಚರಿ ತರಿಸಿ ಓದಿದೆ. ಪೈಲಟ್‌ಗಳಲ್ಲಿ ಮೈಸೂರಿನ ಯಾವ ಹೆಸರೂ ನನಗೆ ಕಾಣಲಿಲ್ಲ, ಹೆಸರು ಮಾತ್ರ ನಮ್ಮದು. ಮುಂದೆ 1944ರಲ್ಲಿ ಇದೇ ದಳ ಮಸ್ಟಾಂಗ್ ವಿಮಾನಗಳಲ್ಲಿ ಜರ್ಮನಿಯ ವಿ-1 ಹಾರುಬಾಂಬುಗಳನ್ನು ಹೊಡೆದುರುಳಿಸಿತು.

ಮೈಸೂರಿನ ಇನ್ನೊಂದು ಎಳೆ ಇದಕ್ಕಿಂತ ಆಳದ್ದು. ವಾಯುನೆಲೆಯ ಮುಖ್ಯ ಗೇಟಿನ ಎದುರಿಗೆ ಟ್ಯಾಂಗ್‌ಮಿಯರ್ ಕಾಟೇಜ್ ಎಂಬ ಸಾಮಾನ್ಯ ಮನೆ. ಯುದ್ಧಕಾಲದಲ್ಲಿ ಹುಣ್ಣಿಮೆಯ ಆಚೀಚೆ ಅದಕ್ಕೆ ಜನ ಬರುತ್ತಿದ್ದರು. 161ನೇ ಸ್ಕ್ವಾಡ್ರನ್ನಿನ ಲೈಸ್ಯಾಂಡರ್ ಎಂಬ ಪುಟ್ಟ ವಿಮಾನಗಳು ಬೆಳದಿಂಗಳಲ್ಲಿ ಗುಪ್ತಚರರನ್ನು ಫ್ರಾನ್ಸಿನ ಹೊಲಗಳಿಗೆ ಇಳಿಸಿ ಬರುತ್ತಿದ್ದವು. ಕೆಳಗೆ ಮೂರು ಟಾರ್ಚುಗಳ ಗುರುತು, ಅಷ್ಟೇ. ಹೊರಡುವವರಿಗೆ ಈ ಮನೆಯಲ್ಲಿ ಊಟ. 1943ರ ಜೂನ್ 16ರ ರಾತ್ರಿ ಟ್ಯಾಂಗ್‌ಮಿಯರ್‌ನಿಂದ ಹಾರಿದವರಲ್ಲಿ ಒಬ್ಬಳು ನೂರ್ ಇನಾಯತ್ ಖಾನ್. ಟಿಪ್ಪು ಸುಲ್ತಾನನ ವಂಶದವಳು. ಸೂಫಿ ಸಂಗೀತಗಾರ ಇನಾಯತ್ ಖಾನರ ಮಗಳು, ಮಕ್ಕಳ ಕಥೆ ಬರೆಯುತ್ತಿದ್ದವಳು, ವೈರ್‌ಲೆಸ್ ಕಲಿತವಳು. ಈ ಕೆಲಸಕ್ಕೆ ಇವಳು ಸರಿಯಲ್ಲ ಎಂದು ತರಬೇತಿ ಕೊಟ್ಟವರಲ್ಲಿ ಕೆಲವರು ಬರೆದಿದ್ದರು. ಪ್ಯಾರಿಸ್‌ನಲ್ಲಿ ಅವಳ ಸಂಗಡಿಗರು ಕೆಲವೇ ದಿನಗಳಲ್ಲಿ ಒಬ್ಬೊಬ್ಬರಾಗಿ ಸಿಕ್ಕಿಬಿದ್ದರು. ಅವಳು ವಾಪಸ್ ಬರಲು ಒಪ್ಪಲಿಲ್ಲ. ಅಕ್ಟೋಬರ್‌ವರೆಗೆ ವೈರ್‌ಲೆಸ್ ಹೊತ್ತು ಜಾಗ ಬದಲಿಸುತ್ತಾ ಸುದ್ದಿ ಕಳಿಸಿದಳು. 1944ರ ಸೆಪ್ಟೆಂಬರ್ 13ರಂದು ನಾಜಿಗಳ ಡಾಖಾವ್ ಸೆರೆಶಿಬಿರದಲ್ಲಿ ಅವಳನ್ನು ಕೊಂದರು. 1949ರಲ್ಲಿ ಅವಳಿಗೆ ಜಾರ್ಜ್ ಕ್ರಾಸ್ ಎಂಬ ಬ್ರಿಟಿಷ್ ಶೌರ್ಯಪದಕ ಬಂತು. ಅವತ್ತು ಅವಳ ಜೊತೆ ಹೊರಟ ಡಯಾನಾ ರೌಡೆನ್, ಸೆಸಿಲಿ ಲೆಫೋರ್ ಇಬ್ಬರೂ ಮರಳಲಿಲ್ಲ.

ಒಂದು ಸಂಜೆ ವಿಲೇಜ್ ಹಾಲ್‌ನಲ್ಲಿ ಈ ಎರಡೂ ಕಥೆ ಹೇಳಿದೆ. ಒಡೆಯರ ಗಂಡಭೇರುಂಡ ಒಂದು ಊರಿನಲ್ಲಿ, ಟಿಪ್ಪುವಿನ ಕುಡಿ ಪಕ್ಕದ ಊರಿನಲ್ಲಿ. ನೂರ್ ವಿಷಯ ಕೆಲವರಿಗೆ ಗೊತ್ತಿತ್ತು, ಶ್ರೀರಂಗಪಟ್ಟಣ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಆ ಕಾಟೇಜಿನ ಮುಂದೆ ಸೈಕಲ್ ತುಳಿದು ಬೆಳೆದ ಒಬ್ಬ ಅಜ್ಜ, ಒಳಗೆ ಯಾರಿದ್ದರು ಎಂದು ನಮಗೆ ಗೊತ್ತಿರಲಿಲ್ಲ, ಕೇಳಬಾರದು ಎಂದು ಮಾತ್ರ ಗೊತ್ತಿತ್ತು ಎಂದರು. ನನ್ನ ಸಂಗ್ರಹದಲ್ಲಿ ನನಗೆ ಬಹಳ ಬೆಲೆಯುಳ್ಳ ಮಾತುಗಳಲ್ಲಿ ಇದೂ ಒಂದು. ಊರು ಗೊತ್ತಿಲ್ಲದೆಯೂ ಆ ಗುಟ್ಟನ್ನು ಕಾಪಾಡಿತು.

ರೆಕಾರ್ಡಿಂಗ್ ಬಗ್ಗೆ ಎರಡು ಮಾತು. ಬರೆದ ಒಪ್ಪಿಗೆ ಮೊದಲೇ ತೆಗೆದುಕೊಳ್ಳಿ, ಮಾತು ಮುಗಿದ ಮೇಲೆ ಅಲ್ಲ. ಟಿಕ್ ಟಿಕ್ ಗಡಿಯಾರ ಇರುವ ಕೋಣೆ ಬೇಡ. ಅತ್ತರೆ ಯಂತ್ರ ನಿಲ್ಲಿಸಿ. ಮೂಲ ಫೈಲನ್ನು ಕತ್ತರಿಸದೆ ಇಡಿ. ಒಂದು ಪ್ರತಿ ಹೇಳಿದವರಿಗೆ, ಒಂದು ಅವರು ಹೇಳಿದ ಮಕ್ಕಳಿಗೆ. ಇಂಟರ್ನೆಟ್‌ಗೆ ಹಾಕಬೇಡಿ ಎಂದವರದ್ದನ್ನು ಹಾಕಿಲ್ಲ.

ಮಾತಾಡಿದವರಲ್ಲಿ ಹಲವರು ಈಗ ಇಲ್ಲ. ನಕ್ಷೆಯಲ್ಲಿ ಹೆಸರಿಲ್ಲದ ಮನೆಗಳು ಇನ್ನೂ ಇವೆ. ಅವುಗಳ ಜೊತೆಗೆ ಈಗ 1966ರ ಕಡೆಗೂ ಹೊರಳಿದ್ದೇನೆ. ಊರು ಮತ್ತೆ ಊರಾದಾಗ ಮೊದಲು ಮನೆ ಹಿಡಿದವರು ಯಾರು, ಹಳಬರಲ್ಲಿ ಯಾರಾದರೂ ವಾಪಸ್ ಬಂದರೇ ಎಂದು ತಿಳಿಯಬೇಕು. ಈ ಸಲ ಮತದಾರರ ಪಟ್ಟಿ ಇದೆ, ಕೆಲಸ ಬೇಗ ಸಾಗುತ್ತಿದೆ.